ಸುಮ್ಮನಿರುವ ಅರ್ಧ ನಿಮಿಷ

ನಿಷತ ಮೊದಲಿನಿಂದಲೂ ಅಂಜುಬುರುಕಿ. ಒಲೆ ಆರಿಸಿ ಬಂದೆನೋ ಇಲ್ಲವೋ ಎಂದು ಇಂಡಿ ಊರಿನ ಬಸ್ ನಿಲ್ದಾಣದಿಂದ ತಿರುಗಿ ಮನೆಗೆ ಓಡುವವಳು. "ನನ್ನ ಮಗಳು ಕದಕ್ಕ ಕೀಲಿ ಹಾಕ್ತಾಳ, ಆಮ್ಯಾಲ ಹಾಕೇನಿಲ್ಲ ಅಂತ ಕದಾನ ಕೇಳ್ತಾಳ" ಎಂದು ತಾಯಿ ಮಾಬುಬಿ ಓಣಿಯವರ ಮುಂದೆ ನಗಾಡುತ್ತಿದ್ದಳು.

ಆ ಅಂಜಿಕೆಯೇ ಅವಳಿಗೆ ಅನ್ನ ಕೊಟ್ಟಿತು. ಇಂಡಿಯಲ್ಲಿ ಬಿ.ಎಸ್ಸಿ. ಮುಗಿಸಿದ ಮೇಲೆ ಸೊಲ್ಲಾಪುರದ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಮಿದುಳಿನ ಚಿತ್ರ ತೆಗೆಯುವ ದೊಡ್ಡ ಯಂತ್ರ ಅಲ್ಲಿಗೆ ಹೊಸದಾಗಿ ಬಂದಿತ್ತು. ಅದರ ಚಿತ್ರಗಳನ್ನು ಓದುವ ಸಾಫ್ಟ್‌ವೇರಿಗೆ ಬಣ್ಣದ ಗುಂಡಿಗಳಿರಲಿಲ್ಲ, ಮೌಸಿನ ಕೆಲಸವಿರಲಿಲ್ಲ. ಕಪ್ಪು ಪರದೆಯ ಮೇಲೆ ಆಜ್ಞೆಯನ್ನು ಅಕ್ಷರಕ್ಕೆ ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಬೇಕು. ಅವಳಿಗಿಂತ ಮೊದಲು ಬಂದವರು ಆ ಕಪ್ಪು ಪರದೆ ನೋಡಿಯೇ ಬಿಟ್ಟುಹೋಗಿದ್ದರು. ಒಂದೊಂದು ಅಕ್ಷರವನ್ನೂ ಮತ್ತೆ ಮತ್ತೆ ಮುಟ್ಟಿ ನೋಡುವ ನಿಷತ ಉಳಿದುಕೊಂಡಳು.

ಕೆಲಸ ಕೇಳಲು ಸರಳ. ರೋಗಿಯನ್ನು ಯಂತ್ರದ ಕೊಳವೆಯೊಳಗೆ ಮಲಗಿಸುತ್ತಾರೆ. ಕಿವಿಗೆ ಹಚ್ಚಿದ ಹೆಡ್‌ಫೋನಿನಲ್ಲಿ ಒಂದು ದನಿ, "ಹಣ್ಣಿನ ಹೆಸರು ಮನಸಿನ್ಯಾಗ ಹೇಳ್ರಿ" ಎನ್ನುತ್ತದೆ. ಅರ್ಧ ನಿಮಿಷದ ಮೇಲೆ, "ಈಗ ಸುಮ್ಮನಿರ್ರಿ" ಎನ್ನುತ್ತದೆ. ಮತ್ತೆ ಹೆಸರು, ಮತ್ತೆ ಮೌನ. ದುಡಿಯುವ ಮಿದುಳಿನ ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ. ಯಂತ್ರ ಅದನ್ನು ಚಿತ್ರ ಮಾಡಿಕೊಳ್ಳುತ್ತದೆ. ಆದರೆ ರೋಗಿಗೆ ಯಾವಾಗ ಏನು ಹೇಳಿದ್ದರು ಎಂಬುದು ಚಿತ್ರಗಳಿಗೆ ಗೊತ್ತಿರುವುದಿಲ್ಲ. ಅದನ್ನು ನಿಷತ ತಿಳಿಸಬೇಕು. ಒಂದು ಚಿಕ್ಕ ಫೈಲಿನಲ್ಲಿ ಪ್ರತಿ ಸಲ ಹೆಸರು ಹೇಳಲು ಶುರುವಾದ ಸೆಕೆಂಡನ್ನು ಬರೆದು, ಈ ಗಳಿಗೆಗಳಲ್ಲಿ ಮಿದುಳಿನ ಯಾವ ಜಾಗ ಎಚ್ಚರವಾಯಿತು ಹುಡುಕು ಎಂದು ಆಜ್ಞೆ ಕೊಡಬೇಕು. ಯಂತ್ರ ಹದಕ್ಕೆ ಬರುವ ಮೊದಲಿನ ಚಿತ್ರಗಳನ್ನು ಎಸೆಯುತ್ತಾರೆ. ಎಸೆದ ಹೊತ್ತನ್ನು ಲೆಕ್ಕದಿಂದ ಕಳೆಯಲು ಮರೆತರೆ ಎಲ್ಲವೂ ಸರಿದುಹೋಗುತ್ತದೆ. ಆಗಲೂ ಸಾಫ್ಟ್‌ವೇರ್ ತಕರಾರು ಮಾಡುವುದಿಲ್ಲ. ಸುಳ್ಳು ವೇಳೆಗೂ ಅಷ್ಟೇ ಅಂದವಾದ ನಕಾಶೆ ಬಿಡಿಸಿಕೊಡುತ್ತದೆ. ನಿಷತ ಅಂಜುತ್ತಿದ್ದುದು ಅದಕ್ಕೇ.

ಎರಡು ಸಾವಿರದ ಆರರ ಚಳಿಗಾಲದಲ್ಲಿ ಅಗರಖೇಡದ ಗುಂಡವ್ವ ಬಂದಳು. ನಿಂಬೆ ತೋಟದವಳು. ಸಂತೆಯಲ್ಲಿ ಅವಳ ದನಿ ಮೊದಲು ಬರುತ್ತಿತ್ತು, ಬುಟ್ಟಿ ಆಮೇಲೆ. ಈಗ ಎಡಗಿವಿಯ ಮೇಲ್ಗಡೆ, ಮಿದುಳಿನೊಳಗೆ, ಒಂದು ಗಂಟು ಬೆಳೆದಿತ್ತು. ಮಾತಿನ ಜಾಗವೂ ಅಲ್ಲೇ ಎಲ್ಲೋ ಇರಬೇಕು. ಅದು ಎಲ್ಲಿದೆ ಎಂದು ನಕಾಶೆ ಹೇಳಿದರೆ ಚಾಕು ಎಲ್ಲಿಯವರೆಗೆ ಹೋಗಬಹುದು ಎಂದು ಡಾಕ್ಟರ್ ಕಲ್ಮೇಶ ನಿರ್ಧರಿಸುತ್ತಾರೆ. ಸೋಮವಾರ ಶಸ್ತ್ರಚಿಕಿತ್ಸೆ.

ನಿಷತ ವೇಳೆ ಬರೆದಳು, ಆಜ್ಞೆ ಕೊಟ್ಟಳು. ನಕಾಶೆ ತೆರೆಯಿತು. ಎಡಗಡೆ ಎಲ್ಲೂ ಬೆಳಕಿಲ್ಲ. ಮಾತು ಎಂಬುದೇ ಇಲ್ಲದ ಹೆಂಗಸಿನ ಮಿದುಳಿನಂತೆ ಬೂದುಬಣ್ಣ.

ಅವಳು ಫೈಲನ್ನು ಮೊದಲಿನಿಂದ ನೋಡಿದಳು. ಎಸೆದ ಚಿತ್ರಗಳ ಹೊತ್ತನ್ನು ಲೆಕ್ಕದಿಂದ ಕಳೆದಿದ್ದಳು. ಹೆಸರು ಹೇಳುವ ಪ್ರತಿ ಸರದಿಗೂ ಒಂದೊಂದು ಸಾಲು ಬರೆದಿದ್ದಳು. ಎಲ್ಲ ಸರಿಯಿತ್ತು. ಪರೀಕ್ಷೆಗೆಂದು ವೇಳೆಗಳನ್ನೆಲ್ಲ ಅರ್ಧ ನಿಮಿಷ ಮುಂದೆ, ಸುಮ್ಮನಿರುವ ಹೊತ್ತಿಗೆ, ಸರಿಸಿ ಮತ್ತೆ ಎಂಟರ್ ಒತ್ತಿದಳು. ಎಡಗಡೆ ಕೆಂಪು, ಹಳದಿ, ಕೆಂಡ ಊದಿದ ಹಾಗೆ ಬೆಳಕು ಎದ್ದಿತು.

ಅವಳ ಹಿಂದೆ ಬಂದು ನಿಂತಿದ್ದ ಡಾಕ್ಟರ್ ಕಲ್ಮೇಶ, "ಬಂತಲ್ಲ! ವೇಳಾ ಬರಿಯೂದರಾಗ ಹಿಂದ ಮುಂದ ಆಗಿತ್ತೇನೋ. ಮಾತಿನ ಜಾಗಾ ಗಂಟಿನಿಂದ ದೂರ ಐತಿ ನೋಡು. ಪೂರ್ತಿ ತಗೀಬಹುದು" ಎಂದರು.

"ಸರ್ರ, ಮೊದಲ ಬರದದ್ದ ಸರಿ ಐತ್ರಿ."

"ಹಂಗಾರ ಆಕಿ ಮಿದುಳ ಉಲ್ಟಾ ಐತೇನು? ಸುಮ್ಮನಿರು ಅಂದಾಗ ಮಾತಾಡಿ, ಮಾತಾಡು ಅಂದಾಗ ಸುಮ್ಮನ ಇರ್ತಾಳೇನು?" ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, "ನಿನಗ ಅನುಮಾನ ಇದ್ರ ಸೋಮವಾರದೊಳಗ ಹೇಳು. ಆಮ್ಯಾಲ ಹೇಳಿದ್ರ ಉಪಯೋಗಿಲ್ಲ" ಎಂದರು.

ತಾನೇ ತಪ್ಪಿದ್ದರೆ ಒಳ್ಳೆಯದಿತ್ತು ಎಂದು ಅಂದು ಮೊದಲ ಬಾರಿ ಅವಳಿಗೆ ಅನಿಸಿತು. ಡಾಕ್ಟರ್ ತಮಾಷೆಗೆ ಆಡಿದ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ.

ಭಾನುವಾರ ಇಂಡಿಯಿಂದ ಅವಳ ತಂದೆ ಇಸಾಕ ಅಗರಖೇಡದ ನಿಂಬೆ ಹೇರಿಕೊಂಡು ಬರಲು ಟೆಂಪೊ ತೆಗೆದಾಗ ಅವಳೂ ಹತ್ತಿ ಕುಳಿತಳು. ಅಗರಖೇಡದಲ್ಲಿ ಗುಂಡವ್ವ ಅಂಗಳದಲ್ಲಿ ಕುಳಿತು ಹಣ್ಣು ಆರಿಸುತ್ತಿದ್ದಳು. ಸಂಜೆ ಆಸ್ಪತ್ರೆಗೆ ಹೊರಡುವ ಗಂಟು ಮೂಟೆ ಕಟ್ಟೆಯ ಮೇಲಿತ್ತು.

"ಅಯ್ಯ, ಮಿಶನ್ ಬಾಯಾರು ಬಂದಾರ ನೋಡ್ರಿ" ಎಂದು ಗಂಡ ಮಲ್ಲಣ್ಣನನ್ನು ಕೂಗಿದಳು. "ಯಾಕವಾ, ಮಾರಿ ಹಿಂಗ್ಯಾಕ ಬಿಳಿಚೇತಿ? ನಾ ಸತ್ತ ಸುದ್ದಿ ನನಗ ಹೇಳಾಕ ಬಂದೀ ಏನ?"

ನಿಷತ ಕುಳಿತಳು. "ಅಕ್ಕಾ, ಮಿಶನ್ನಿನ್ಯಾಗ ಹಣ್ಣಿನ ಹೆಸರ ಹೇಳ್ರಿ ಅಂದಾಗ ಏನೇನ ಅಂದ್ರಿ?"

"ನಿಂಬಿ, ಪೇರಲ, ಬಾಳಿ."

"ಆಮ್ಯಾಲ?"

"ಆಮ್ಯಾಲೇನ? ಕೇಳಿದ್ದಕ್ಕ ಹೇಳಿದೆ, ಮುಗೀತು. ದೊಡ್ಡವರು ಒಂದ ಕೇಳಿದ್ರ ಹತ್ತ ಹೇಳಬಾರದು ಅಂತ ನಮ್ಮವ್ವ ಕಲಿಸ್ಯಾಳ. ಇನ್ನೇನ ಕೇಳ್ತಾರೋ ಅಂತ ಕಿವಿಗೊಟ್ಟ ಕಾದೆ."

"ನನ್ನ ಮುಂದ ಮಾತ್ರ ಕೇಳದಿದ್ರೂ ಹತ್ತ ಹೇಳ್ತಾಳ್ರಿ" ಎಂದ ಮಲ್ಲಣ್ಣ.

"ನೀ ಯಾವಾಗ ದೊಡ್ಡವ ಆದಿ?"

ನಿಷತಳಿಗೆ ನಗಲಾಗಲಿಲ್ಲ. "ಸುಮ್ಮನಿರ್ರಿ ಅಂದಾಗ ಏನ ಮಾಡಿದ್ರಿ ಅಕ್ಕಾ?"

ಗುಂಡವ್ವನ ಕೈ ನಿಂತಿತು. ಕೊರಳಲ್ಲಿ ತೂಗುತ್ತಿದ್ದ ಬೆಳ್ಳಿಯ ಕರಡಿಗೆಯನ್ನು, ಅದರೊಳಗಿನ ಇಷ್ಟಲಿಂಗವನ್ನು, ಮುಷ್ಟಿಯಲ್ಲಿ ಹಿಡಿದಳು. "ನಿಮ್ಮವರು ಇದನ್ನ ತಗಸಿದ್ರು ತಂಗಿ. ಒಳಗ ಒಯ್ಯಾಕ ಬರೂದಿಲ್ಲ ಅಂದ್ರು. ಹೆರಿಗ್ಯಾಗ ಸೈತ ಮೈಮ್ಯಾಲಿಂದ ತಗದಾಕಿ ಅಲ್ಲ ನಾ. ಬರಿಗೊರಳಲೆ ಆ ಕೊಳವಿ ಡೊಗರಿನ್ಯಾಗ ಮಲಗಿಸಿ ಸುಮ್ಮನಿರು ಅಂದ್ರ ಹೆಂಗ ಇರಲಿ? ಆ ದನಿ ನಿಂತ ಕೂಡಲೆ 'ಓಂ ನಮಃ ಶಿವಾಯ' ಹಿಡಿದೆ, ಉಸಿರ ಬಿಡದಂಗ. ಅವರು ಮತ್ತ ಕೇಳಿದ್ರ ಅಷ್ಟಕ್ಕ ಬಿಟ್ಟ ಉತ್ತರಾ ಕೊಡಾಕಿ. ಅಂಜಿಕಿ ಬಂದಿತ್ತವಾ. ಯಾಕ, ತಪ್ಪಾತೇನ?"

"ತಪ್ಪ ನಿಮ್ಮದಲ್ಲಕ್ಕಾ. ನಾವು ಹೇಳಿಕೊಡಬೇಕಿತ್ತು" ಎಂದಳು ನಿಷತ. ಡಾಕ್ಟರಿಗೆ ಒಪ್ಪಿಗೆಯಾದ ಆ ಚಂದದ ಬೆಳಕು ಬಾಯಿಪಾಠವಾದ ಮಂತ್ರದ್ದು. ಹೆಸರು ಹುಡುಕುವ ಜಾಗ ಇನ್ನೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ನಕಾಶೆ ನಂಬಿ ಚಾಕು ಇಳಿದರೆ ಗುಂಡವ್ವ ಏಳುತ್ತಾಳೆ, ಪ್ರಾರ್ಥನೆ ನಾಲಿಗೆಯಲ್ಲಿ ಉಳಿದಿರುತ್ತದೆ, ಆದರೆ ಕೈಯಲ್ಲಿರುವ ಹಣ್ಣಿಗೆ ಏನನ್ನುತ್ತಾರೆಂದು ತಿಳಿಯದೆ ತಿರುಗಿಸಿ ತಿರುಗಿಸಿ ನೋಡುತ್ತಾಳೆ. ನಿಷತ ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ಕಣ್ಣಿನೊಳಗೂ ಅದೇ ಕಂಡಿತು.

ಊರಿನ ಅಂಗಡಿಯೊಂದರ ಫೋನಿನಿಂದ ಡಾಕ್ಟರಿಗೆ ಎಲ್ಲ ಹೇಳಿದಳು. "ಛಲೋ ಮಾಡಿದಿ, ಕೇಳಿದಿ" ಎಂದರು ಕಲ್ಮೇಶ. "ಆಪರೇಶನ್ ಗುರುವಾರಕ್ಕ ಹಾಕ್ತೇನಿ. ನಾಳೆ ಮತ್ತೊಮ್ಮಿ ಚಿತ್ರ ತಗಿಯೂಣು. ಅದರಾಚೆ ಕಾಯಾಕ ಆಗೂದಿಲ್ಲ, ಗಂಟು ಕಾಯೂದಿಲ್ಲ."

ಮರುದಿನ ಯಂತ್ರದ ಕೋಣೆಯ ಹೊರಗೆ ನಿಷತ ಗುಂಡವ್ವನಿಗೆ ಕಲಿಸಿದಳು. "ಒಂದ ಹೇಳಿ ನಿಲ್ಲಬ್ಯಾಡ್ರಿ. ಸಂತ್ಯಾಗ ಗಿರಾಕಿ ಹೊಂಟ ನಿಂತಾಗ ಹೆಂಗ ಬಿಡೂದಿಲ್ಲೋ, ಹಂಗ ಹೇಳ್ಕೋತ ಹೋಗ್ರಿ. ಸುಮ್ಮನಿರ್ರಿ ಅಂದಾಗ ನಾ ಒಳಗ ಇರ್ತೇನಿ, ನಿಮ್ಮ ಪಾದ ಒತ್ತತೇನಿ. ಮನಸ ನನ್ನ ಕೈಮ್ಯಾಲ ಇಡ್ರಿ. ಮಂತ್ರ ಬ್ಯಾಡ್ರಿ, ಅಷ್ಟ ಹೊತ್ತು."

"ಶಿವನ್ನ ಬಿಟ್ಟು ನಿನ್ನ ಕೈಯಾಗ ಇರು ಅಂತಿ."

"ಹೌದ್ರಿ" ಎಂದಳು ನಿಷತ. ಹೇಳಿದ ಮೇಲೆ ಅದೆಷ್ಟು ದೊಡ್ಡ ಮಾತು ಎಂದು ತಿಳಿಯಿತು.

ಗುಂಡವ್ವ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಮಲ್ಲಣ್ಣನ ಕೈಗೆ ಕೊಟ್ಟಳು. ಅವನು ಎರಡೂ ಅಂಗೈ ಜೋಡಿಸಿ ಅದನ್ನು ಹಿಡಿದು ಗಾಜಿನ ಆಚೆ ನಿಂತ. ಯಂತ್ರದ ಸದ್ದು ತಗಡಿನ ಮೇಲೆ ಸುತ್ತಿಗೆ ಬಡಿದಂತಿತ್ತು. ತಣ್ಣಗಿದ್ದ ಆ ಪಾದವನ್ನು ನಿಷತ ಒತ್ತಿದಳು, ಬಿಟ್ಟಳು, ಒತ್ತಿದಳು. ಒಳಗೆ ಏನು ನಡೆದಿದೆ ಎಂದು ಪಾದ ಹೇಳುವುದಿಲ್ಲ.

ಮಧ್ಯಾಹ್ನ ಹೊಸ ಫೈಲಿನಲ್ಲಿ ವೇಳೆ ಬರೆದಳು. ಎಂಟರ್ ಮೇಲಿಟ್ಟ ಬೆರಳು ಅಲ್ಲೇ ಇತ್ತು, ಒತ್ತಲು ಮನಸ್ಸಾಗಲಿಲ್ಲ. ಒತ್ತಿದಳು. ಬರೆದ ವೇಳೆಗೆ ಸರಿಯಾಗಿ, ಏನನ್ನೂ ಸರಿಸದೆ, ಬೆಳಕು ಬಂತು. ಬಂದ ಜಾಗ ನೋಡಿ ಅವಳಿಗೆ ಅಳು ಬಂತು. ಅದು ಗಂಟಿಗೆ ಮೈ ಹಚ್ಚಿಕೊಂಡು ಕುಳಿತಿತ್ತು.

ಡಾಕ್ಟರ್ ಕಲ್ಮೇಶ ಪರದೆಯ ಮೇಲೆ ಬೆರಳಿನಿಂದ ಗೆರೆ ಎಳೆದರು. "ಇಷ್ಟ ಬಿಡಬೇಕಾಗತೈತಿ. ಬಿಟ್ಟದ್ದು ಮತ್ತ ಬೆಳೀಬಹುದು. ನಿನ್ನ ವೇಳಾ ಖಾತ್ರಿ ಏನು?"

ತಪ್ಪಿದರೆ ಒಂದು ಕಡೆ ಮಾತು ಹೋಗುತ್ತದೆ. ಇನ್ನೊಂದು ಕಡೆ ತೆಗೆಯಬಹುದಾದ ಗಂಟನ್ನು ಸುಮ್ಮನೆ ಒಳಗೆ ಬಿಟ್ಟಂತಾಗುತ್ತದೆ. ಖಾತ್ರಿ ಎಂಬ ಮಾತನ್ನು ನಿಷತ ಜೀವಮಾನದಲ್ಲಿ ಆಡಿದವಳಲ್ಲ. "ಖಾತ್ರಿ ಐತ್ರಿ ಸರ್ರ" ಎಂದಳು.

ಗುರುವಾರ ಕಳೆಯಿತು. ಶುಕ್ರವಾರ ಗುಂಡವ್ವನಿಗೆ ಎಚ್ಚರವಾಯಿತೆಂದು ಕೇಳಿ ನಿಷತ ವಾರ್ಡಿನ ಬಾಗಿಲವರೆಗೆ ಹೋದಳು, ಅಲ್ಲೇ ನಿಂತಳು. ತಲೆಗೆ ಬಿಳಿ ಪಟ್ಟಿ ಸುತ್ತಿದ್ದ ಗುಂಡವ್ವ ಛಾವಣಿ ನೋಡುತ್ತಿದ್ದಳು. ತುಟಿಗಳು ಅಲ್ಲಾಡುತ್ತಿದ್ದವು, ದನಿ ಇರಲಿಲ್ಲ. ಮಂತ್ರವೇ ಇರಬೇಕು. ಮಂತ್ರ ಮಾತ್ರವೇ ಉಳಿದಿರಬೇಕು. ನಿಷತ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು.

ಮಲ್ಲಣ್ಣ ನೀರಿನ ಲೋಟ ಎತ್ತಿ ಹೆಂಡತಿಯ ಕಣ್ಣ ಮುಂದೆ ಹಿಡಿದ. "ಇದಕ್ಕ ಏನಂತಾರ ಹೇಳು?"

ಗುಂಡವ್ವ ಲೋಟ ನೋಡಿದಳು. ಗಂಡನನ್ನು ನೋಡಿದಳು. ಹುಬ್ಬು ಗಂಟಿಕ್ಕಿತು. ಏನನ್ನೋ ಕತ್ತಲಲ್ಲಿ ತಡವುತ್ತಿರುವವಳ ಹಾಗೆ ಬಾಯಿ ತೆರೆದಳು, ಮುಚ್ಚಿದಳು.

"ನೀ... ನೀರ" ಎಂದಳು. ಆಮೇಲೆ, ಒಂದೊಂದೇ ಶಬ್ದವನ್ನು ಕೈಯಿಂದ ಎತ್ತಿಟ್ಟಂತೆ, "ಕುಡಸೂದಿದ್ರ ಕುಡಸು. ಪರೀಕ್ಷಾ ಆಮ್ಯಾಲ ತಗೋ."