ಧಾಟಿ ಬರೆಯದ ಪುಸ್ತಕ

ಶಿರಸಿಯ ಶಿವಪುತ್ರಪ್ಪ ಮಾಸ್ತರರಿಗೆ ಸಿನೆಮಾ ಹಾಡೆಂದರೆ ಮೈಯೆಲ್ಲ ಉರಿ. ಉರಿಯದೆ ಏನು ಮಾಡೀತು? ಇಪ್ಪತ್ತೆರಡು ವರ್ಷ ನಾಟಕ ಕಂಪನಿಯಲ್ಲಿ ಪೇಟಿ ನುಡಿಸಿದವರು ಅವರು. ಹಾರ್ಮೋನಿಯಂ ಎಂದರೆ ಅವರಿಗೆ ಸಿಟ್ಟು, ಪೇಟಿ ಎಂದೇ ಅನ್ನಬೇಕು. ಟೆಂಟ್ ಸಿನೆಮಾ ಬಂದು ಜನರನ್ನೆಲ್ಲ ಬಾಚಿಕೊಂಡು ಹೋದ ಮೇಲೆ ಕಂಪನಿ ಹಾವೇರಿಯಲ್ಲಿ ಪರದೆ ಮಡಚಿತು. ಮಾಸ್ತರರು ಪೇಟಿಯನ್ನು ಬಸ್ಸಿನ ಮೇಲೆ ಹಾಕಲು ಕೊಡದೆ, ತೊಡೆಯ ಮೇಲೇ ಇಟ್ಟುಕೊಂಡು ಶಿರಸಿಗೆ ಬಂದಿಳಿದು, ಅಕ್ಕಿ ಅಂಗಡಿಯ ಮಾಳಿಗೆಯಲ್ಲಿ ಮಕ್ಕಳಿಗೆ ಪಾಠ ಶುರುಮಾಡಿದರು.

ಮೊದಲ ವರ್ಷ ಹನ್ನೊಂದು ಮಕ್ಕಳಿದ್ದರು. ೧೯೬೨ರ ಹೊತ್ತಿಗೆ ಉಳಿದವರು ನಾಲ್ವರು. ಒಂದು ವರ್ಷ ಬರೀ ಸರಿಗಮ, ಆಮೇಲೆ ಮುಂಬೈ ಸರಕಾರದ ಕಾಲದ ಮರಾಠಿ ಸ್ವರಲಿಪಿ ಪುಸ್ತಕ. ಯಾವ ಮಗು ತಾಳಿಕೊಂಡೀತು? ಸಂಜೆ ಟೆಂಟಿನ ಲೌಡ್‌ಸ್ಪೀಕರ್ ಒದರತೊಡಗಿದರೆ ಮಾಸ್ತರರು ದಡಬಡ ಎದ್ದು ಕಿಟಕಿ ಹಾಕಿಕೊಳ್ಳುತ್ತಿದ್ದರು. ಮಕ್ಕಳ ಕಿವಿ ಮಾತ್ರ ಕಿಟಕಿಯ ಆಚೆಗೇ ಇರುತ್ತಿತ್ತು.

ಆ ನಾಲ್ವರಲ್ಲಿ ದೇವಕಿ ಒಬ್ಬಳು. ಹುಲೇಕಲ್ಲಿನ ಗೋವಿಂದ ಹೆಗಡೆಯವರ ಮಗಳು, ಹನ್ನೆರಡು ವರ್ಷದವಳು. ಅಂಥ ಬೆರಳುಗಳನ್ನು ಮಾಸ್ತರರು ಇಡೀ ಕಂಪನಿ ಜೀವನದಲ್ಲಿ ಕಂಡಿರಲಿಲ್ಲ. ಒಂದು ಸಲ ಕೇಳಿದ್ದನ್ನು ಪೇಟಿಯ ಮನೆಗಳ ಮೇಲೆ ಬೆರಳಿಟ್ಟು ಹುಡುಕಿ ತೆಗೆಯುವಳು. ಅವಳನ್ನು ನೋಡಿದಾಗಲೆಲ್ಲ ತಾವು ಶಿರಸಿಗೆ ಬಂದದ್ದು ದಂಡವಾಗಲಿಲ್ಲ ಎಂದು ಅವರಿಗೆ ಅನ್ನಿಸುತ್ತಿತ್ತು.

ಒಂದು ಶನಿವಾರ ಹೆಗಡೆಯವರು ಬಾಗಿಲಲ್ಲೇ ನಿಂತು ಹೇಳಿಬಿಟ್ಟರು: "ಮಾಸ್ತರೆ, ಬೇಜಾರು ಮಾಡ್ಕಬೇಡಿ. ಎರಡು ವರ್ಷ ಆತು, ವಾರ ವಾರ ಬಸ್ಸಲ್ಲಿ ಕರ್ಕಂಡು ಬರ್ತೆ. ನಾಲ್ಕು ಜನ ಗುರುತಿಸೋ ಹಾಡು ಒಂದೂ ಬತ್ತಿಲ್ಲೆ ಇವಳಿಗೆ. ಶಾಲೆ ಸಮ್ಮೇಳನದಲ್ಲಿ ಒಂದಾದ್ರೂ ನುಡಿಸಲಿ. ಇಲ್ಲದಿದ್ರೆ ಸಾಕು, ನಿಲ್ಲಿಸಿಬಿಡ್ತೆ."

"ನುಡಿಸ್ತಾಳ್ರಿ, ನುಡಿಸ್ತಾಳ," ಎಂದರು ಮಾಸ್ತರರು.

ಮರುದಿನ ಅವರು ಬಸ್ ಸ್ಟ್ಯಾಂಡಿನ ಪುಸ್ತಕದ ಅಂಗಡಿಗೆ ಹೋದರು. ಯಾರಾದರೂ ನೋಡಿಯಾರೆಂದು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು. ಹಗ್ಗಕ್ಕೆ ನೇತುಹಾಕಿದ ಸಿನೆಮಾ ಹಾಡಿನ ಪುಸ್ತಕಗಳನ್ನು ಒಂದೊಂದಾಗಿ ಇಳಿಸಿ ಓದಿದರು. ಮೊದಲನೆಯದರಲ್ಲಿ ಪುಟಪುಟಕ್ಕೂ ಪ್ರಿಯಾ, ಎರಡನೆಯದರಲ್ಲಿ ಬೆಳದಿಂಗಳು, ಮೂರನೆಯದನ್ನು ಅರ್ಧಕ್ಕೇ ಮುಚ್ಚಿದರು. ಹೆಣ್ಣುಮಗುವಿಗೆ ಇಂಥದ್ದನ್ನು ಕಲಿಸಿದರೆ ಹೆಗಡೆಯವರು ಏನಂದಾರು! ನಾಲ್ಕನೆಯ ಪುಸ್ತಕದ ಕೊನೆಗೆ ಗಿರಿಧರನನ್ನು ಕರೆಯುವ ಒಂದು ಹಾಡು ಸಿಕ್ಕಿತು. ಮಡಿವಂತರ ಮನೆಯಲ್ಲೂ ಹಾಡಬಹುದಾದ ಮಾತುಗಳು. ಮಾಸ್ತರರಿಗೆ ಹಿಗ್ಗೋ ಹಿಗ್ಗು.

ಮನೆಗೆ ಬಂದು ನೋಡಿದರೆ ಹಾಡಿನ ತಲೆಯ ಮೇಲೆ ಏನೂ ಇಲ್ಲ. ನಾಟಕದ ಪುಸ್ತಕದಲ್ಲಿ ಪ್ರತಿ ಹಾಡಿಗೂ ಇಂಥ ರಾಗ, ಇಂಥ ತಾಳ, ಇಂಥ ಹಾಡಿನ ಧಾಟಿ ಎಂದು ಬರೆದಿರುತ್ತದೆ. ಬರೆಯದೆ ಬಿಟ್ಟರೆ ಧಾಟಿ ಕೂಡಿಸುವುದು ಪೇಟಿಯವನ ಕೆಲಸ. ಕಂಪನಿಯ ರೂಢಿಯೇ ಹಾಗೆ. ಮಾಸ್ತರರು ಅದನ್ನೇ ಮಾಡಿದರು. ಸಿನೆಮಾದಲ್ಲಿ ಅದಕ್ಕೊಂದು ಧಾಟಿ ಇದ್ದೀತೆಂದು ಹೊಳೆಯದೆ ಇರಲಿಲ್ಲ. ಹೊಳೆದರೂ ಯಾರನ್ನು ಕೇಳುವುದು, ಯಾವ ಮುಖ ಇಟ್ಟುಕೊಂಡು? ಒಂದು ವಾರ ಕೂತು, ತಾಳದ ಮಾತ್ರೆ ಎಣಿಸಿ, ಭೀಮಪಲಾಸ ರಾಗದಲ್ಲಿ ನಿಧಾನವಾದ ಧಾಟಿಯೊಂದನ್ನು ಕಟ್ಟಿ ದೇವಕಿಗೆ ಕಲಿಸಿದರು. ಮೊದಲ ದಿನ ಹುಡುಗಿ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು. ಆಮೇಲೆ ಕಣ್ಣು ಮುಚ್ಚಿ ನುಡಿಸಿದಳು.

ಸಮ್ಮೇಳನದ ದಿನ ಸಭಾಗೃಹ ಕಿಕ್ಕಿರಿದಿತ್ತು. ದೇವಕಿ ಪೇಟಿಯ ಮುಂದೆ ಕೂತು ಮೊದಲ ಸಾಲು ಹಾಡಿದಳು, ಅಷ್ಟೆ. ಹಿಂದಿನ ಬೆಂಚಿನಿಂದ ನಗು ಎದ್ದಿತು. ಎರಡನೆಯ ಸಾಲಿಗೆ ಇಡೀ ಸಭೆ ಗೊಳ್ಳೆಂದಿತು. ಅದು ಆ ವರ್ಷ ಊರಿನ ಹಸುಗೂಸಿಗೂ ಗೊತ್ತಿದ್ದ ಹಾಡು. ಸಿನೆಮಾದಲ್ಲಿ ಕಳ್ಳ ಸನ್ಯಾಸಿಯೊಬ್ಬ ಕುಣಿಕುಣಿದು ಹಾಡುವುದಂತೆ! ಮಕ್ಕಳು ಚಪ್ಪಾಳೆ ತಟ್ಟುತ್ತ ಅದನ್ನು ಅದರ ಧಾಟಿಯಲ್ಲಿ ಹಾಡತೊಡಗಿದರು.

ಪರದೆಯ ಮರೆಯಲ್ಲಿದ್ದ ಮಾಸ್ತರರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹುಡುಗಿ ಕೈ ನಿಲ್ಲಿಸಿ ಅವರತ್ತ ನೋಡಿದಳು. ಹಾಡುವವನು ಎಲ್ಲಿಗೆ ಹೋದರೂ ಪೇಟಿ ಅವನ ಹಿಂದೆ ಹೋಗಬೇಕು, ನಾಟಕ ನಡುವೆ ನಿಲ್ಲಬಾರದು, ಅದು ಕಂಪನಿ ಕಲಿಸಿದ ಪಾಠ. ಮಾಸ್ತರರು ಕೈಸನ್ನೆ ಮಾಡಿದರು: ಜನರ ಹಿಂದೆ ನಡಿ. ದೇವಕಿ ತಟ್ಟನೆ ಧಾಟಿ ಬದಲಿಸಿದಳು. ಸಭೆ ಎದ್ದು ನಿಂತು ಅವಳ ಜೊತೆ ಹಾಡಿತು.

ಜನ ಕರಗಿದ ಮೇಲೆ ಹೆಗಡೆಯವರು ಮುಖವರಳಿಸಿಕೊಂಡು ಒಳಗೆ ಬಂದರು. "ಗೆದ್ರಿ ಮಾಸ್ತರೆ! ಪಾಠ ಮುಂದುವರಿಸುವ."

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮಾಸ್ತರರಿಗೆ ಹಾಗೆ ಅನ್ನಲು ಮನಸ್ಸು ಬರಲಿಲ್ಲ. ಹೇಳಿಬಿಟ್ಟರು: "ಹೆಗಡೇರ, ಸುಳ್ಳು ಯಾಕ ಹೇಳ್ಲಿ. ಜನ ಹಾಡಿದ್ದನ್ನ ನಾ ಕಲಿಸಿಲ್ಲರಿ, ನನಗ ಅದು ಗೊತ್ತೂ ಇಲ್ಲ. ಜನ ನಕ್ಕರಲ್ಲ, ಅದು ನಾ ಕಲಿಸಿದ್ದು. ಇನ್ನ ನೀವು ಹೆಂಗಂತೀರಿ ಹಂಗ."

ಹೆಗಡೆಯವರು ಮಗಳ ಕಡೆ ತಿರುಗಿದರು. "ಹೌದನೇ ಕೂಸೆ? ಜನ ಹಾಡಿದ ಧಾಟಿ ನಿಂಗೆ ಮೊದಲೇ ಗೊತ್ತಿತ್ತ? ಮತ್ತೆಂತಕೆ ಹೇಳಿದ್ದಿಲ್ಲೆ?"

ದೇವಕಿ ಲಂಗದ ಅಂಚು ಹಿಂಡುತ್ತ ನೆಲ ನೋಡಿದಳು. "ಹೇಳಿದ್ರೆ ಮಾಸ್ತರು ಇದನ್ನ ಬಿಟ್ಟುಬಿಡ್ತಿದ್ರು ಅಪ್ಪಯ್ಯ. ನಂಗೆ ಇದೇ ಹೆಚ್ಚು ಸೇರ್ತು."

"ಯಾವ್ದು, ಇವತ್ತು ಮೊದಲು ನುಡಿಸಿದ್ದ?" ಹೆಗಡೆಯವರು ಆ ಧಾಟಿಯನ್ನು ಬಾಯೊಳಗೇ ಗುನುಗಿ ನೋಡಿದರು. ಆಮೇಲೆ ಜೋರಾಗಿ ನಕ್ಕರು. "ಅಲ್ಲ ಮಾಸ್ತರೆ, ಅದು ನಿಮ್ಮದ? ಇವಳ ಆಯಿ, ನಮ್ಮನೆಯವಳು, ಮೂರು ವಾರದಿಂದ ಮಜ್ಜಿಗೆ ಕಡೆಯುವಾಗ ಅದನ್ನೇ ಹಾಡ್ತಾ ಇದ್ದು. ಎಲ್ಲಿಯ ಹಳೇ ಭಜನೆಯೋ ಅಂದ್ಕಂಡಿದ್ದೆ."

ಮಾಸ್ತರರು ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟರು. ಹೊರಗೆ ಯಾರೋ ಕುರ್ಚಿ ಎತ್ತಿಡುತ್ತಿದ್ದರು.

"ಇನ್ನೊಮ್ಮೆ ನುಡಿಸವ್ವಾ," ಎಂದರು.

ಖಾಲಿ ಸಭಾಗೃಹದಲ್ಲಿ ದೇವಕಿ ನುಡಿಸಿದಳು. ಹೆಗಡೆಯವರು ಶ್ರುತಿ ಇಲ್ಲದ ದೊಡ್ಡ ದನಿಯಲ್ಲಿ, ಒಂದು ಅಕ್ಷರ ತಪ್ಪದೆ, ಕೊನೆಯವರೆಗೂ ಹಾಡಿದರು.