ಪರದೆ ಹೊಳಿಯಪ್ಪನ ಫೋಟೋ

ಐರಣಿಯ ಹೊಳಿಯಪ್ಪ ನಲವತ್ತು ವರ್ಷ ನಾಟಕದಲ್ಲೇ ಬದುಕಿದವನು. ಒಂದು ನಾಟಕವನ್ನೂ ಎದುರಿಗೆ ಕೂತು ನೋಡಿದವನಲ್ಲ. ರಾಣೆಬೆನ್ನೂರಿನ ದಾದಾಸಾಬನ ಸೀನರಿ ಸಾಮಾನು ಹಳ್ಳಿಗಳಿಗೆ ಬಾಡಿಗೆ ಹೋದರೆ ಅದರ ಜೊತೆ ಇವನೂ ಹೋಗುತ್ತಿದ್ದ. ಅರಮನೆ, ಕಾಡು, ಬೀದಿ ಬರೆದ ಪರದೆಗಳನ್ನು ಬಿದಿರಿಗೆ ಸುತ್ತಿ, ಹಗ್ಗ ಕಟ್ಟಿ, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ ಸೀಟಿ ಊದಿದ ಕೂಡಲೇ ಇಳಿಸುವುದು, ಏರಿಸುವುದು ಅವನ ಕೆಲಸ. ಸೀಟಿ ಇಲ್ಲದೆ ಪರದೆ ಅಲುಗಿದ್ದಿಲ್ಲ. ಬ್ಯಾಡಗಿಯಲ್ಲೊಮ್ಮೆ ಚೇಳು ಕುಟುಕಿದಾಗಲೂ ಸೀಟಿ ಬೀಳುವ ತನಕ ಹಗ್ಗ ಹಿಡಿದೇ ನಿಂತಿದ್ದ.

ಎರಡು ಸಾವಿರದ ಆರರಲ್ಲಿ ಬಡ ಕಲಾವಿದರ ಮಾಸಾಶನಕ್ಕೆ ಅರ್ಜಿ ಕರೆದರು. ಬಣ್ಣ ಹಚ್ಚಿಕೊಂಡು ರಂಗದ ಮೇಲೆ ನಿಂತ ಫೋಟೋ ಲಗತ್ತಿಸಬೇಕಿತ್ತು. ಕಲೆ ಎಂದರೆ ಮುಖದ ಮೇಲಿನ ಬಣ್ಣ; ಅಂಗೈಯಲ್ಲಿ ಹಗ್ಗ ಕೊರೆದ ಗೆರೆಗೆ ಆ ಅರ್ಜಿಯಲ್ಲಿ ಜಾಗವಿರಲಿಲ್ಲ. ಹೆಂಡತಿ ಫಕ್ಕೀರವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ. ಘಾಟಿಗೆ ಎದೆ ಕೆಟ್ಟಿತ್ತು, ಆ ಕೆಲಸ ಬಿಡಲೇಬೇಕೆಂದು ಡಾಕ್ಟರು ಹೇಳಿಯಾಗಿತ್ತು. ಮಾಸಾಶನ ಬಂದರೆ ಬಿಡಬಹುದಿತ್ತು.

"ಒಂದ್ ಸಲ ಪರದೆ ಮುಂದ ನಿಂದರ್ರಿ. ಜೀವ ಏನ್ ಹೋಗೂದಿಲ್ಲ," ಎಂದಳು ಕೆಮ್ಮುತ್ತ.

ಕುಪ್ಪೇಲೂರಿನ ನಾಟಕದಲ್ಲಿ ದಾದಾಸಾಬ ಅವನಿಗೊಂದು ಸಿಪಾಯಿ ಪಾತ್ರ ಕೊಡಿಸಿದ. ಮಾತಿಲ್ಲ, ಭರ್ಜಿ ಹಿಡಿದು ನಿಲ್ಲುವುದಷ್ಟೆ. ಅವತ್ತಿನ ಮಟ್ಟಿಗೆ ಹಗ್ಗ ಯಲ್ಲೇಶನೆಂಬ ಆಳಿನ ಕೈಗೆ ಹೋಯಿತು. ಆ ಊರಲ್ಲಿ ಚಂದಾ ಹೆಚ್ಚು ಕೊಟ್ಟವನೇ ರಾಜನಾಗುವುದು ಪದ್ಧತಿ. ಹಾಗಾಗಿ ಇಪ್ಪತ್ತು ಎಕರೆಯ ಮಲ್ಲೇಶಪ್ಪ ಸಿಂಹಾಸನದ ಮೇಲಿದ್ದ. ದರ್ಬಾರಿನ ಕೊನೆಗೆ ಎಲ್ಲರೂ ಅಲುಗದೆ ನಿಲ್ಲಬೇಕು, ಆಗ ಫೋಟೋ ಹೊಡೆಯುತ್ತೇನೆಂದು ಸ್ಟುಡಿಯೋದವನು ಮೂರು ಸಲ ಹೇಳಿದ್ದ.

ಮಾಸ್ತರ ಸೀಟಿ ಊದಿದ. ಫ್ಲ್ಯಾಶ್ ಬೆಳಗುವಷ್ಟರಲ್ಲಿ ಸಿಪಾಯಿ ಓಡಿಹೋಗಿ ಯಲ್ಲೇಶನ ಕೈಯಿಂದ ಹಗ್ಗ ಕಿತ್ತುಕೊಂಡಿದ್ದ.

ದಾದಾಸಾಬ ಹಣೆ ಚಚ್ಚಿಕೊಂಡ. "ಹಗ್ಗ ಅವನ ಕೈಯಾಗ ಇತ್ತಲ್ಲೋ ಮಾರಾಯಾ."

"ಇತ್ತರಿ ಸಾಹೇಬ್ರ. ಕಾಲು ನನ್ನವು."

ಫೋಟೋದಲ್ಲಿ ರಾಜ ಕತ್ತಿ ಎತ್ತಿದ್ದ, ಮಂತ್ರಿ ಕೈಮುಗಿದಿದ್ದ, ಪಕ್ಕದಲ್ಲಿ ಒಂದು ಭರ್ಜಿ ತನ್ನಷ್ಟಕ್ಕೆ ತಾನೇ ಬೀಳುತ್ತಿತ್ತು. ಬೇರೆ ಫೋಟೋ ಇಲ್ಲದ್ದಕ್ಕೆ ಅದನ್ನೇ ಹಿಡಿದು ಹಾವೇರಿಗೆ ಸಂದರ್ಶನಕ್ಕೆ ಹೋದ.

"ಇದರಾಗ ನೀ ಎಲ್ಲಿದ್ದೀಯಪಾ?" ಎಂದು ಸಮಿತಿಯವರು ಕೇಳಿದರು.

"ಪರದೆ ಇಳಸಾಕತ್ತೇನ್ರಿ."

ಹೊಟ್ಟೆ ಹುಣ್ಣಾಗುವಂತೆ ನಕ್ಕು, ಅರ್ಜಿಯನ್ನು ಪಕ್ಕಕ್ಕೆ ಸರಿಸಿದರು. ಕಲೆಯ ಬಗ್ಗೆ ಅವರಿಗೆ ಅಷ್ಟು ತಿಳಿವಳಿಕೆಯಿತ್ತು.

ಮಾಸಾಶನ ಮಂಜೂರಾಯಿತು, ಮಲ್ಲೇಶಪ್ಪನಿಗೆ. ಅದೇ ಫೋಟೋ. ಬಡವನೆಂಬ ಪ್ರಮಾಣಪತ್ರವನ್ನೂ ತಂದಿದ್ದ. ರಾಜನಿಗಿಂತ ಆ ವೇಷವೇ ಅವನಿಗೆ ಚೆನ್ನಾಗಿ ಒಪ್ಪಿತ್ತು.

ಮರುವರ್ಷ ಕುಪ್ಪೇಲೂರಿನಲ್ಲಿ ನಾಟಕಕ್ಕೆ ಮೊದಲು ಮಲ್ಲೇಶಪ್ಪನಿಗೆ ಸನ್ಮಾನ. ಪರದೆಗೆ ಹೊಳಿಯಪ್ಪನೇ. ಅವನು ಹೊರಡುವಾಗ ಫಕ್ಕೀರವ್ವ ಮೂಗಿಗೆ ಸೆರಗು ಸುತ್ತಿಕೊಂಡು ಬ್ಯಾಡಗಿ ಬಸ್ಸಿಗೆ ನಿಂತಿದ್ದಳು. ಶಾಲು, ಹಾರ, ಪೇಟ ಮುಗಿದ ಮೇಲೆ ಮಲ್ಲೇಶಪ್ಪ ಮೈಕಿನ ಮುಂದೆ ಬಂದ.

"ಬಡ ಕಲಾವಿದರ ಸಂಕಟ ಏನಂತ ನನಗ ಗೊತ್ತೈತ್ರಿ..."

ಪರದೆ ಇಳಿಯಿತು. ಎಲ್ಲೂ ತಡೆಯದೆ, ಸುಕ್ಕಾಗದೆ, ಮಲ್ಲೇಶಪ್ಪನಿಗೂ ಜನಕ್ಕೂ ನಡುವೆ. ಭಾಷಣ ಮುಗಿಯಿತೆಂದು ಜನ ಚಪ್ಪಾಳೆ ತಟ್ಟಿದರು.

ಮಾಸ್ತರ ಪೇಟಿ ಬಿಟ್ಟು ಓಡಿಬಂದ. "ನಾ ಸೀಟಿ ಊದಿಲ್ಲಲ್ಲೋ ಹೊಳಿಯಪ್ಪ."

"ಗೊತ್ತೈತ್ರಿ ಮಾಸ್ತರ," ಎಂದು ಅವನು ಹಗ್ಗವನ್ನು ಗೂಟಕ್ಕೆ ಇನ್ನೊಂದು ಸುತ್ತು ಸುತ್ತಿದ.