ಭಾವನ ಕಾರಿನಡಿಯ ತೋಟ

ಕಡಲ ದಂಡೆಗೆ ಹೋಗುವ ರಸ್ತೆಯಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದ ಅವಳನ್ನು ಗಿರಾಕಿಗಳು ಕಿವಿಯಕ್ಕ ಎನ್ನುತ್ತಿದ್ದರು. ಗಾಡಿ ಗೇಟು ದಾಟುವಷ್ಟರಲ್ಲಿ ಸದ್ದಿನಿಂದಲೇ ರೋಗ ಹೇಳಿಬಿಡುವವಳು. ಇಪ್ಪತ್ತೆರಡು ವರ್ಷ ಸ್ಪ್ಯಾನರ್ ಹಿಡಿದ ಕೈ. ನಾಲಿಗೆ ಅದಕ್ಕಿಂತ ಗಟ್ಟಿ. ಅವಳ ಮಾತನ್ನು ಎಲ್ಲರೂ ಕೇಳುತ್ತಿದ್ದರು, ಅಕ್ಕನ ಗಂಡ ಒಬ್ಬರನ್ನು ಬಿಟ್ಟು.

ಭಾವ ನಿವೃತ್ತ ಹೆಡ್‌ಮಾಸ್ತರು. ದಿನಾ ಬೆಳಿಗ್ಗೆ ಕಡಲ ಮರಳಿನ ಮೇಲೇ ಕಾರು ನಿಲ್ಲಿಸಿ ವಾಕಿಂಗ್ ಮಾಡುವರು. ಮನೆಗೆ ಬಂದು ಅದನ್ನು ತಿಕ್ಕುವ ಪರಿ ಎಂಥದ್ದೆಂದರೆ, ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದುಕೊಳ್ಳಬಹುದು. ಕೆಳಗೆ ಮಾತ್ರ ತೊಳೆಯಲೆಂದು ಒಂದು ಹನಿ ನೀರು ಬಿದ್ದದ್ದಿಲ್ಲ.

“ಮುಖ ತೊಳೆದು ಕಾಲು ತೊಳೀದೇ ಇದ್ದ ಹಾಗಾಯ್ತು, ಭಾವ,” ಎಂದು ಅವಳು ಹೇಳಿದ್ದಳು.

“ಕಾರಿಗೆ ಕಾಲೆಲ್ಲಿಂದ ಬಂತು?” ಎಂದು ಅವರು ಮಾತು ಮುಗಿಸಿದ್ದರು.

ಒಂದು ಮಧ್ಯಾಹ್ನ ಆಯಿಲ್ ಬದಲಿಸಲೆಂದು ಭಾವ ಬಂದರು. ಕಾರು ಗೇಟಿನ ಉಬ್ಬು ಹತ್ತಿ ಇಳಿದಾಗ ಮುಂದಿನ ಎಡ ಚಕ್ರದ ಕಡೆಯಿಂದ ಕಿರ್ರ್ ಎಂದಿತು.

“ಸ್ಪ್ರಿಂಗ್ ನರಳ್ತಾ ಇದೆ.”

“ಅದು ಸೀಟು. ನಿಮ್ಮಕ್ಕ ಕೂತು ಕೂತು ಹಾಗಾಗಿದೆ.”

ಅವಳು ಕಾರನ್ನು ಲಿಫ್ಟಿಗೆ ಏರಿಸಿದಳು. ಸ್ಪ್ರಿಂಗ್ ಕೂರುವ ಬಟ್ಟಲಿನಲ್ಲಿ ಎರಡು ಹಿಡಿ ಒದ್ದೆ ಮಣ್ಣು. ಅದರಲ್ಲಿ ಎರಡೆಲೆಯ ಹಸಿರು ಸಸಿಯೊಂದು ತಲೆ ಎತ್ತಿತ್ತು. ಕಿವಿಯಕ್ಕನಿಗೆ ಉಕ್ಕಿಬಂದ ನಗು ತಡೆಯಲು ಕೆಳತುಟಿ ಕಚ್ಚಬೇಕಾಯಿತು. ಮಣ್ಣು ಸಮೇತ ಸಸಿಯನ್ನು ಖಾಲಿ ಗ್ರೀಸ್ ಡಬ್ಬಿಗಿಟ್ಟು ಭಾವನ ಕೈಗೆ ಕೊಟ್ಟಳು.

“ತಗೊಳ್ಳಿ, ನಿಮ್ಮ ತೋಟದ್ದು. ಅಕ್ಕನಿಗೆ ಕೊಡಿ.”

ಹೆಡ್‌ಮಾಸ್ತರು ಕನ್ನಡಕ ಸರಿಮಾಡಿಕೊಂಡರು. ಅವಳು ಸ್ಪ್ರಿಂಗಿನ ಮೇಲೆ ಟಾರ್ಚ್ ಬಿಟ್ಟು ತೋರಿಸಿದಳು.

“ಇಲ್ಲಿ ಜಲ್ಲಿ ಬಡಿದು ಬಣ್ಣ ಎದ್ದಿದೆ. ಅಲ್ಲಿಂದ ಕಡಲ ಉಪ್ಪು ಒಳಗೆ ಹೋಗಿದೆ. ಈ ಮಣ್ಣು ಒದ್ದೆ ಬಟ್ಟೆ ಥರ ನೀರು ಹಿಡಿದಿಟ್ಟುಕೊಂಡು ಕಬ್ಬಿಣ ಕೊರೆದು ಗುಳಿ ಮಾಡಿದೆ. ಗುಳಿ ಇದ್ದ ಕಡೆ ಬಿರುಕು ಶುರುವಾಗತ್ತೆ. ಮುರಿದ ತುದಿ ಟೈರಿಗೆ ಚುಚ್ಚಿದರೆ ಕಷ್ಟ. ಕೀ ನಾನು ಕೊಡಲ್ಲ.”

“ಮೇಲೆಲ್ಲ ಕನ್ನಡಿ ಹಾಗಿದೆ, ಮುರಿಯತ್ತಂತೆ! ಕೆಳಗಿಳಿಸು.”

ಇಳಿಸಿದಳು. ಚಕ್ರ ನೆಲಕ್ಕೆ ತಾಗಿ ಭಾರ ಬಿದ್ದದ್ದೇ ತಡ, ಟಣ್ ಎಂದಿತು. ಕಾರು ಎಡಕ್ಕೆ ಒಂದಿಷ್ಟು ಕುಸಿದು ನಿಂತಿತು.

“ನೀನೇ ಮುರಿದೆ,” ಎಂದರು ಭಾವ.

ಅವಳು ಕಾರನ್ನು ಮತ್ತೆ ಮೇಲೇರಿಸಿದಳು. ಸ್ಪ್ರಿಂಗ್ ಬಿಚ್ಚಿ, ಮುರಿದ ತುಂಡನ್ನು ಅವರ ಅಂಗೈ ಮೇಲಿಟ್ಟಳು. ಮುರಿದ ಜಾಗದ ಮುಕ್ಕಾಲು ಭಾಗ ಕಂದು ಬಣ್ಣ, ಹಳೆಯ ತುಕ್ಕು. ಅಂಚಿನಲ್ಲಿ ಮಾತ್ರ ಬೆಳ್ಳಿಯಂಥ ಹೊಸ ಗೆರೆ.

“ಹೊಳೀತಿರೋದಷ್ಟೇ ಇವತ್ತಿನ ಮುರಿತ. ಉಳಿದದ್ದು ಎಷ್ಟು ತಿಂಗಳದ್ದು, ನೀವೇ ಹೇಳಿ ಮೇಷ್ಟ್ರೇ.”

ನಕಲು ಚೀಟಿ ಹಿಡಿದು ಮಕ್ಕಳ ಬೆವರಿಳಿಸುತ್ತಿದ್ದ ಮೇಷ್ಟ್ರು ತಾವೇ ಸಿಕ್ಕಿಬಿದ್ದವರಂತೆ ನಿಂತರು. ಆಮೇಲೆ ಮೆಲ್ಲಗೆ, “ಈಗೇನು ಮಾಡ್ಬೇಕು?” ಎಂದರು. ಅವರು ಅವಳ ಸಲಹೆ ಕೇಳಿದ್ದು ಅದೇ ಮೊದಲು. ಅವಳಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಮುಂದಿನ ಎರಡೂ ಸ್ಪ್ರಿಂಗ್ ಹೊಸದು ಹಾಕಿದಳು. ಒಂದೇ ಹಾಕಿದರೆ ಎರಡೂ ಕಡೆ ಎತ್ತರ ಸಮನಾಗದು. ಕಡಲಿನಿಂದ ಬಂದ ಕೂಡಲೇ ಚಕ್ರದ ಗೂಡಿಗೆ ಸಿಹಿನೀರು ಬಿಡಿ, ಬಟ್ಟಲಿನ ಮಣ್ಣು ತೆಗೆಯಿರಿ, ಬಣ್ಣ ಎದ್ದ ಕಡೆ ತುಕ್ಕು ಉಜ್ಜಿ ಬಣ್ಣ ಹಚ್ಚಿಸಿ ಎಂದಳು. ಭಾವ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ತಿಂಗಳು ಕಳೆಯುವಷ್ಟರಲ್ಲಿ ಅವಳು ಅದಕ್ಕೆ ಪಶ್ಚಾತ್ತಾಪ ಪಟ್ಟಳು. ಭಾವ ಪೈಪು ಹಿಡಿದು ಬೀದಿಯ ಕಾರುಗಳಡಿಯೆಲ್ಲ ಇಣುಕತೊಡಗಿದರು. ಹಾಲಿನವನ ವ್ಯಾನು ತೊಳೆದು ಅವನ ಚಪ್ಪಲಿ ತೋಯಿಸಿದರು. ದೂರು ಬಂದದ್ದೆಲ್ಲ ಗ್ಯಾರೇಜಿಗೆ.

ಒಂದು ಭಾನುವಾರ ಅವಳು ಊಟಕ್ಕೆ ಅಕ್ಕನ ಮನೆಗೆ ಹೋದಾಗ ಭಾವ ಅವಳ ಹಳೇ ಪಿಕಪ್‌ನ ಕೆಳಗೆ ಅಂಗಾತ ಮಲಗಿದ್ದರು. ಎದ್ದು ಬಂದಾಗ ಅವರ ಬೆರಳ ತುದಿಯಲ್ಲಿ ತುಕ್ಕಿನ ಚಕ್ಕೆ, ಮುಖದಲ್ಲಿ ಎಂದೂ ಕಾಣದ ತೃಪ್ತಿ.

“ದೀಪದ ಬುಡ ಕತ್ತಲು, ಕಿವಿಯಕ್ಕ. ಹಿಂದಿನ ಬಲಗಡೆ ಸ್ಪ್ರಿಂಗ್ ನೋಡಿದ್ದೀಯಾ? ಕೀ ಕೊಡು. ರಿಪೇರಿ ಆಗೋವರೆಗೂ ಇದು ಇಲ್ಲಿಂದ ಅಲ್ಲಾಡಲ್ಲ.”

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಕಿವಿಯಕ್ಕ ಕೀ ಕೊಟ್ಟು, ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸಿದಳು.